ಒತ್ತಡ ಎಲ್ಲಿ ಕಡಿಮೆಯೋ ರಕ್ತ ಅಲ್ಲಿಗೆ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹೃದಯದ ಮೇಲೆಯೇ. ಪರೀಕ್ಷೆ ಹತ್ತಿರ ಬಂತು ಅಂತ ಇದರಲ್ಲೇ ಗೊತ್ತಾಗುತ್ತದೆ. ಮಾತ್ರೆ ನಿಲ್ಲಿಸಲೇ, ನನ್ನ ಇಸಿಜಿ ಸರಿಯಿದೆಯೇ ಎಂದು ಕೇಳಿದವರ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ನಾನು ಶರೀರಕ್ರಿಯಾಶಾಸ್ತ್ರದ ಪಾಠ ಹೇಳುವವಳು, ರೋಗಿಗಳನ್ನು ನೋಡುವವಳಲ್ಲ. ಅಂಥವರು ದಯವಿಟ್ಟು ನಿಮ್ಮ ವೈದ್ಯರನ್ನೇ ಕೇಳಿ. ಉಳಿದವುಗಳಲ್ಲಿ ಕೆಲವನ್ನು ಆರಿಸಿದ್ದೇನೆ.

ಪ್ರಶ್ನೆ: ಮೇಡಂ, ಪುಸ್ತಕದ ಚಿತ್ರದಲ್ಲಿ ಎಡಗಡೆ ಇರುವುದಕ್ಕೆ ‘ಬಲ ಹೃತ್ಕರ್ಣ’ ಅಂತ ಬರೆದಿದ್ದಾರೆ. ಅಚ್ಚಿನ ತಪ್ಪೇ? ಹೃದಯ ಇರುವುದು ಎದೆಯ ಎಡಭಾಗದಲ್ಲಿ ತಾನೆ? – ಒಂಬತ್ತನೇ ತರಗತಿ ವಿದ್ಯಾರ್ಥಿ

ಉತ್ತರ: ಅಚ್ಚಿನ ತಪ್ಪಲ್ಲಪ್ಪ. ಹೃತ್ಕರ್ಣ ಅಂದರೆ ಹೃದಯದ ಮೇಲಿನ ಕೋಣೆ, ಹೃತ್ಕುಕ್ಷಿ ಅಂದರೆ ಕೆಳಗಿನ ಕೋಣೆ; ಎರಡೂ ಬಲಕ್ಕೊಂದು, ಎಡಕ್ಕೊಂದು ಇವೆ. ಚಿತ್ರದಲ್ಲಿರುವ ಮನುಷ್ಯ ನಿನ್ನೆದುರು ನಿನ್ನ ಕಡೆಗೇ ಮುಖ ಮಾಡಿ ನಿಂತಿದ್ದಾನೆ ಅಂದುಕೋ. ಅವನ ಬಲಗೈ ನಿನ್ನ ಎಡಕ್ಕೆ ಬರುತ್ತದೆ, ಅವನ ಹೃದಯದ ಬಲಭಾಗವೂ ಅಷ್ಟೆ. ಎಡ, ಬಲ ಯಾವಾಗಲೂ ದೇಹದ ಒಡೆಯನದು, ನೋಡುವವನದಲ್ಲ.

ಇನ್ನು ಎರಡನೇ ಮಾತು. ಹೃದಯ ಪೂರ್ತಿ ಎಡಕ್ಕಿಲ್ಲ. ಎರಡು ಶ್ವಾಸಕೋಶಗಳ ನಡುವೆ, ಎದೆಮೂಳೆಯ ಹಿಂದೆ, ಎದೆ, ಹೊಟ್ಟೆಗಳ ನಡುವಿನ ವಪೆಯ ಮೇಲೆ ಓರೆಯಾಗಿ ಕೂತಿದೆ. ಮೂರರಲ್ಲಿ ಎರಡು ಪಾಲು ನಡುಗೆರೆಯ ಎಡಕ್ಕೆ, ಒಂದು ಪಾಲು ಬಲಕ್ಕೆ. ತುದಿ ಎಡಕ್ಕೆ ಚಾಚಿಕೊಂಡಿರುವುದರಿಂದ ಬಡಿತ ಆ ಕಡೆ ಕೈಗೆ ಸಿಗುತ್ತದೆ, ಅದಕ್ಕೇ ಎಲ್ಲರೂ ಎಡಗಡೆ ಅನ್ನುವುದು. ಆ ತುದಿಯನ್ನು ನೀನೇ ಹುಡುಕಬಹುದು. ಗಂಟಲ ಕೆಳಗಿನ ಗುಳಿಯಿಂದ ಬೆರಳನ್ನು ಎದೆಮೂಳೆಯ ಮೇಲೆ ಕೆಳಕ್ಕೆ ಜಾರಿಸು. ಸ್ವಲ್ಪ ಇಳಿದ ಮೇಲೆ ಒಂದು ಸಣ್ಣ ಅಡ್ಡ ದಿಣ್ಣೆ ತಾಗುತ್ತದೆ. ಅದರ ಪಕ್ಕಕ್ಕೆ ಬಂದು ಸೇರುವುದು ಎರಡನೇ ಪಕ್ಕೆಲುಬು, ಆ ಎಲುಬಿನ ಕೆಳಗಿನ ಸಂದು ಎರಡನೇ ಸಂದು. ಹಾಗೇ ಎಡಗಡೆ ಎಣಿಸುತ್ತ ಐದನೇ ಸಂದಿಗೆ ಇಳಿ. ಕಾಲರ್ ಮೂಳೆಯ ನಟ್ಟನಡುವಿನಿಂದ ನೇರ ಕೆಳಗೆ ಬಂದರೆ ಸಿಗುವ ಜಾಗದ ಆಸುಪಾಸಿನಲ್ಲಿ ಬೆರಳ ತುದಿಗೆ ಮೆಲ್ಲಗೆ ಬಡಿಯುತ್ತದೆ. ಸಿಗದಿದ್ದರೆ ಗಾಬರಿ ಬೇಡ, ಎಡಮಗ್ಗುಲಿಗೆ ಹೊರಳಿ ಮಲಗಿ ನೋಡು. ಆರೋಗ್ಯವಂತರಲ್ಲೂ ಎಷ್ಟೋ ಜನಕ್ಕೆ ಅದು ಸಿಗುವುದೇ ಇಲ್ಲ.

ಪುಸ್ತಕದ ಚಪ್ಪಟೆ ಚಿತ್ರ ಮುಚ್ಚಿಡುವ ಇನ್ನೊಂದು ಸಂಗತಿಯಿದೆ. ಹೃದಯ ಸ್ವಲ್ಪ ತಿರುಗಿ ಕೂತಿರುವುದರಿಂದ ಅದರ ‘ಬಲಭಾಗ’ ನಿಜಕ್ಕೂ ಮುಂಭಾಗ, ‘ಎಡಭಾಗ’ ಬಹುಮಟ್ಟಿಗೆ ಹಿಂಭಾಗ. ಎದೆಮೂಳೆಯ ಬೆನ್ನಿಗೇ ಇರುವುದು ಬಲ ಹೃತ್ಕುಕ್ಷಿ. ಎಡ ಹೃತ್ಕರ್ಣ ಎಲ್ಲಕ್ಕಿಂತ ಹಿಂದೆ, ಅನ್ನನಾಳದ ಮಗ್ಗುಲಲ್ಲಿದೆ. ಎಡ ಹೃತ್ಕರ್ಣವನ್ನು ಸ್ಪಷ್ಟವಾಗಿ ನೋಡಬೇಕಾದಾಗ ಶಬ್ದದ ಅಲೆಗಳಿಂದ ಹೃದಯದ ಚಿತ್ರ ತೆಗೆಯುವ ಎಕೋ ಯಂತ್ರದ ನಳಿಗೆಯನ್ನು ಬಾಯಿಯ ಮೂಲಕ ಅನ್ನನಾಳಕ್ಕೆ ಇಳಿಸುವುದು ಇದೇ ಕಾರಣಕ್ಕೆ.

ಪ್ರಶ್ನೆ: ನಾಲ್ಕು ಕೋಣೆ, ನಾಲ್ಕು ಕವಾಟ, ಅಷ್ಟೊಂದು ರಕ್ತನಾಳ. ಎಷ್ಟು ಸಲ ಬಾಯಿಪಾಠ ಮಾಡಿದರೂ ಯಾವ ಕವಾಟ ಯಾವಾಗ ತೆರೆಯುತ್ತದೆ ಅನ್ನುವಲ್ಲಿ ಗೊಂದಲವಾಗುತ್ತದೆ. ನೆನಪಿಡಲು ಸುಲಭದ ದಾರಿ ಇದೆಯೇ? – ನರ್ಸಿಂಗ್ ಮೊದಲ ವರ್ಷದ ವಿದ್ಯಾರ್ಥಿನಿ

ಉತ್ತರ: ಇದೆ. ಹೆಸರುಗಳಿಗಿಂತ ಮೊದಲು ಒತ್ತಡ ಕಲಿಯಿರಿ. ಹೆಚ್ಚಿನ ಪುಸ್ತಕಗಳು ಹೆಸರಿನಿಂದ ಶುರುಮಾಡಿ ಒತ್ತಡವನ್ನು ಕೊನೆಯ ಪುಟಗಳಿಗೆ ತಳ್ಳುತ್ತವೆ. ಅಷ್ಟು ಹೊತ್ತಿಗೆ ಮಕ್ಕಳು ಸುಸ್ತಾಗಿರುತ್ತಾರೆ.

ಆರಾಮವಾಗಿರುವ ಆರೋಗ್ಯವಂತ ವಯಸ್ಕರ ಅಂಕಿಗಳನ್ನು, ಪಾದರಸದ ಮಿಲಿಮೀಟರ್ ಲೆಕ್ಕದಲ್ಲಿ, ನೋಟ್ಸ್‌ನ ಮೊದಲ ಪುಟದಲ್ಲೇ ಬರೆದುಕೊಳ್ಳಿ. ಬಲ ಹೃತ್ಕರ್ಣದಲ್ಲಿ 2ರಿಂದ 6. ಬಲ ಹೃತ್ಕುಕ್ಷಿ ಸಂಕುಚಿಸಿದಾಗ ಸುಮಾರು 25. ಅಲ್ಲಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪುಪ್ಪುಸ ಅಪಧಮನಿಯಲ್ಲಿ 25ಕ್ಕೆ ಏರಿ 10ರ ಹತ್ತಿರ ಇಳಿಯುತ್ತದೆ. ಎಡ ಹೃತ್ಕರ್ಣದಲ್ಲಿ 8ರ ಆಸುಪಾಸು. ಎಡ ಹೃತ್ಕುಕ್ಷಿ ಸಂಕುಚಿಸಿದಾಗ 120. ಅಲ್ಲಿಂದ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯಲ್ಲಿ 120 ಮತ್ತು 80, ಅಂದರೆ ತೋಳಿಗೆ ಪಟ್ಟಿ ಕಟ್ಟಿ ಅಳೆಯುವ ಅದೇ ಬಿಪಿ. ಎರಡು ಹೃತ್ಕುಕ್ಷಿಗಳೂ ಸಡಿಲಗೊಂಡಾಗ ಒತ್ತಡ ಬಹುತೇಕ ಸೊನ್ನೆಗೆ ಇಳಿಯುತ್ತದೆ.

ಈಗ ಎಡ ಹೃತ್ಕುಕ್ಷಿಯೊಳಗೆ ಕೂತು ನೋಡಿ. ಅದು ಸಡಿಲವಾಗಿದೆ, ಒಳಗಿನ ಒತ್ತಡ ಹೃತ್ಕರ್ಣಕ್ಕಿಂತ ತುಸು ಕಡಿಮೆ. ಹಾಗಾಗಿ ನಡುವಿನ ದ್ವಿದಳ ಕವಾಟ ತೆರೆದಿದೆ, ರಕ್ತ ಇಳಿಯುತ್ತಿದೆ. ಅತ್ತ ಮಹಾಪಧಮನಿಯಲ್ಲಿ 80 ಇದೆ, ಆದ್ದರಿಂದ ಆ ಕವಾಟ ಮುಚ್ಚಿದೆ. ಹೃತ್ಕುಕ್ಷಿ ಸಂಕುಚಿಸತೊಡಗಿತು. ಒತ್ತಡ ಹೃತ್ಕರ್ಣದ 8ನ್ನು ದಾಟಿದ ಕ್ಷಣ ರಕ್ತ ಹಿಂದಕ್ಕೆ ನುಗ್ಗಲು ನೋಡುತ್ತದೆ, ಆ ನುಗ್ಗಾಟಕ್ಕೇ ದ್ವಿದಳ ಕವಾಟ ಮುಚ್ಚಿಕೊಳ್ಳುತ್ತದೆ. ಈಗ ಒತ್ತಡ 8ಕ್ಕಿಂತ ಹೆಚ್ಚು, 80ಕ್ಕಿಂತ ಕಡಿಮೆ. ಎರಡು ಕವಾಟಗಳೂ ಮುಚ್ಚಿವೆ. ಸ್ನಾಯು ಬಿಗಿಯುತ್ತಿದೆ, ಒಂದು ಹನಿಯೂ ಎತ್ತಲೂ ಹೋಗುತ್ತಿಲ್ಲ. ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಹೊತ್ತು ಮಾತ್ರ ಹೀಗಿರುತ್ತದೆ; ಆದರೆ ಇಡೀ ಪಾಠದಲ್ಲಿ ಪರೀಕ್ಷಕರಿಗೆ ಅತಿ ಪ್ರಿಯವಾದ ಜಾಗ ಇದು. ಒತ್ತಡ 80ನ್ನು ದಾಟಿತು, ಮಹಾಪಧಮನಿಯ ಕವಾಟ ತೆರೆಯಿತು, ಸುಮಾರು 70 ಮಿ.ಲೀ. ರಕ್ತ ಹೊರಗೆ ಚಿಮ್ಮಿತು. ಆಮೇಲೆ ಹೃತ್ಕುಕ್ಷಿ ಸಡಿಲವಾಗುತ್ತದೆ, ಒಳಗಿನ ಒತ್ತಡ ಮಹಾಪಧಮನಿಯದಕ್ಕಿಂತ ಕೆಳಗಿಳಿದ ಕೂಡಲೇ ಆ ಕವಾಟ ಮುಚ್ಚುತ್ತದೆ. ಇನ್ನೂ ಇಳಿದು ಹೃತ್ಕರ್ಣಕ್ಕಿಂತ ಕೆಳಗೆ ಬಂದಾಗ ದ್ವಿದಳ ಕವಾಟ ತೆರೆಯುತ್ತದೆ. ಮುಗಿಯಿತು. ಬಲಗಡೆಯೂ ಇದೇ ಕಥೆ. ದ್ವಿದಳದ ಜಾಗದಲ್ಲಿ ತ್ರಿದಳ, ಮಹಾಪಧಮನಿಯ ಜಾಗದಲ್ಲಿ ಪುಪ್ಪುಸ ಅಪಧಮನಿ, ಒತ್ತಡ ಐದನೇ ಒಂದು ಪಾಲು.

ಗಮನಿಸಿ, ಎಲ್ಲೂ ಕವಾಟ ತಾನಾಗಿ ಏನನ್ನೂ ಮಾಡಲಿಲ್ಲ. ಕವಾಟ ತೆಳುವಾದ ಪೊರೆ, ಅದನ್ನು ತೆರೆದು ಮುಚ್ಚುವುದು ಎರಡೂ ಬದಿಯ ಒತ್ತಡದ ವ್ಯತ್ಯಾಸ. ಹಾಗಾದರೆ ದ್ವಿದಳ, ತ್ರಿದಳ ಕವಾಟಗಳಿಗೆ ಕೆಳಗಿನಿಂದ ಕಟ್ಟಿರುವ ಬಿಳಿ ದಾರಗಳು, ಆ ದಾರಗಳ ಬುಡದ ಸ್ನಾಯುಗಂಬಗಳು ಯಾಕೆ? ಕವಾಟವನ್ನು ಎಳೆದು ತೆರೆಯಲು ಅಂತ ಪ್ರತಿ ವರ್ಷ ಅರ್ಧ ತರಗತಿ ಬರೆಯುತ್ತದೆ. ಅಲ್ಲ. ಜೋರು ಗಾಳಿಗೆ ಕೊಡೆ ಮಗುಚಿಕೊಳ್ಳುವುದನ್ನು ಕಂಡಿದ್ದೀರಲ್ಲ, 120ರ ಒತ್ತಡಕ್ಕೆ ಕವಾಟದ ದಳಗಳು ಹಾಗೆ ಹೃತ್ಕರ್ಣದೊಳಕ್ಕೆ ಮಗುಚಿಕೊಳ್ಳಬಾರದು. ದಾರಗಳು ಅದನ್ನು ತಡೆಹಿಡಿಯುತ್ತವೆ, ಅಷ್ಟೇ ಅವುಗಳ ಕೆಲಸ.

ಪ್ರಯೋಗಾಲಯದಲ್ಲಿ ಕುರಿಯ ಹೃದಯ ಕೊಟ್ಟಾಗ ತಕ್ಷಣ ಕತ್ತರಿಸಬೇಡಿ. ಮಹಾಪಧಮನಿಯ ಮೊಂಡು ತುದಿಯನ್ನು ಮೇಲೆ ಮಾಡಿ ಹಿಡಿದು ಸಿರಿಂಜಿನಿಂದ ನೀರು ಬಿಡಿ. ನೀರು ಒಳಗೆ ಇಳಿಯದೆ ನಿಲ್ಲುತ್ತದೆ. ಮೇಲಿನಿಂದ ಇಣುಕಿದರೆ ಮೂರು ಜೇಬುಗಳು ನೀರು ತುಂಬಿ ಉಬ್ಬಿ, ಒಂದಕ್ಕೊಂದು ಒತ್ತಿಕೊಂಡು, ನಟ್ಟನಡುವೆ ಮೂರು ಗೆರೆಗಳು ಕೂಡುವುದು ಕಾಣುತ್ತದೆ. ಬೆರಳಿನಿಂದ ಹೃತ್ಕುಕ್ಷಿಯನ್ನು ಹೊರಗಿನಿಂದ ಒತ್ತಿ. ಆ ಗೆರೆಗಳು ಬಿರಿದು ನೀರು ಮೇಲೆ ಉಕ್ಕುತ್ತದೆ. ಒಮ್ಮೆ ಇದನ್ನು ಕೈಯಾರೆ ಮಾಡಿದವರು ಆಮೇಲೆ ಯಾವ ಕವಾಟ ಯಾವಾಗ ಎಂದು ನನ್ನನ್ನು ಕೇಳಿದ್ದಿಲ್ಲ. ನೀರು ಚೆಲ್ಲಿ ಆ ಜೇಬುಗಳ ಮೇಲಂಚಿನ ಹತ್ತಿರ ನೋಡಿ, ಗೋಡೆಯಲ್ಲಿ ಎರಡು ಪುಟ್ಟ ರಂಧ್ರಗಳಿವೆ. ಹೃದಯಕ್ಕೇ ರಕ್ತ ಕೊಡುವ ಕರೋನರಿ ಅಪಧಮನಿಗಳ ಬಾಯಿ ಅವು. ಅವುಗಳ ವಿಷಯ ಮುಂದೆ ಬರುತ್ತದೆ.

ಪ್ರಶ್ನೆ: ಎಡ ಹೃತ್ಕುಕ್ಷಿಯ ಗೋಡೆ ಬಲದ್ದಕ್ಕಿಂತ ಎರಡು–ಮೂರು ಪಟ್ಟು ದಪ್ಪ ಎಂದು ಓದಿದೆ. ಹಾಗಾದರೆ ಎಡಭಾಗ ಹೆಚ್ಚು ರಕ್ತ ಪಂಪ್ ಮಾಡುತ್ತದೆಯೇ? – ಬಿಎಸ್ಸಿ ವಿದ್ಯಾರ್ಥಿ

ಉತ್ತರ: ಇಲ್ಲ. ಎರಡೂ ಒಂದೇ ಪ್ರಮಾಣ, ನಿಮಿಷಕ್ಕೆ ಸುಮಾರು 5 ಲೀಟರ್. ಗೋಡೆ ದಪ್ಪವಿರುವುದು ಒತ್ತಡ ಹೆಚ್ಚು ಬೇಕಾಗಿರುವುದರಿಂದ. ಶ್ವಾಸಕೋಶದ ರಕ್ತನಾಳಗಳು ಕೊಡುವ ತಡೆ ಕಡಿಮೆ, ಇಡೀ ದೇಹದ್ದು ಹೆಚ್ಚು.

ಆದರೆ ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿಕೊಂಡರೆ ಇನ್ನೂ ಸ್ವಾರಸ್ಯವಾಗುತ್ತದೆ. ಎರಡೂ ಕಡೆ ಅಷ್ಟು ಕರಾರುವಾಕ್ಕಾಗಿ ಸರಿಸಮ ಇರುವುದು ಹೇಗೆ? ಬಲಗಡೆ ಒಂದೊಂದು ಬಡಿತಕ್ಕೆ ಬರೇ 1 ಮಿ.ಲೀ. ಹೆಚ್ಚು ಕಳಿಸಿತು ಅಂತಿಟ್ಟುಕೊಳ್ಳಿ. ನಿಮಿಷಕ್ಕೆ 72 ಬಡಿತ, ಗಂಟೆಗೆ 4,320. ಅಂದರೆ ಒಂದು ಗಂಟೆಯಲ್ಲಿ ನಾಲ್ಕು ಲೀಟರಿಗೂ ಮಿಕ್ಕಿ ರಕ್ತ ಶ್ವಾಸಕೋಶದಲ್ಲಿ ಶೇಖರವಾಗಬೇಕು. ದೇಹದಲ್ಲಿ ಇರುವುದೇ ಐದು ಲೀಟರ್. ಗಂಟೆಯೇಕೆ, ಅದಕ್ಕೆ ಎಷ್ಟೋ ಮೊದಲೇ ಮನುಷ್ಯ ಉಸಿರುಕಟ್ಟಿ ಸಾಯುತ್ತಾನೆ.

ಹಾಗಾಗದಂತೆ ನೋಡಿಕೊಳ್ಳುವುದು ಮೆದುಳಲ್ಲ, ಹಾರ್ಮೋನ್ ಅಲ್ಲ, ಸ್ನಾಯುವಿನದೇ ಒಂದು ಗುಣ. ತುಂಬಿಕೊಳ್ಳುವಾಗ ಹೃದಯದ ಸ್ನಾಯುವಿನ ಎಳೆ ಹೆಚ್ಚು ಹಿಗ್ಗಿದರೆ ಮುಂದಿನ ಸಂಕೋಚನ ಅಷ್ಟೇ ಬಲವಾಗಿರುತ್ತದೆ. ಬಲಗಡೆಯಿಂದ ಜಾಸ್ತಿ ಬಂತೇ, ಎಡ ಹೃತ್ಕುಕ್ಷಿ ಜಾಸ್ತಿ ಹಿಗ್ಗಿತು, ಜಾಸ್ತಿ ಹೊರಹಾಕಿತು. ಕೆಲವೇ ಬಡಿತಗಳಲ್ಲಿ ಲೆಕ್ಕ ಚುಕ್ತಾ. 1895ರಲ್ಲಿ ಜರ್ಮನಿಯ ಒಟ್ಟೊ ಫ್ರಾಂಕ್ ಕಪ್ಪೆಯ ಹೃದಯದಲ್ಲಿ, 1914ರ ಹೊತ್ತಿಗೆ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಮತ್ತು ಸಂಗಡಿಗರು ನಾಯಿಯ ಹೃದಯದಲ್ಲಿ ಇದನ್ನು ತೋರಿಸಿದರು. ಫ್ರಾಂಕ್–ಸ್ಟಾರ್ಲಿಂಗ್ ನಿಯಮ ಎಂದು ನೀವು ಎರಡು ಅಂಕಕ್ಕೆ ಬರೆಯುವುದು ಇದನ್ನೇ. ಎರಡು ಅಂಕ ಬಹಳ ಕಡಿಮೆ ಅಂತ ನನ್ನ ಅಭಿಪ್ರಾಯ.

ಪ್ರಶ್ನೆ: ಅಭಿಧಮನಿಯಲ್ಲಿ ಹರಿಯುವ ರಕ್ತ ನೀಲಿಯೇ? ಕೈಯ ರಕ್ತನಾಳಗಳು ನೀಲಿಯಾಗಿ ಕಾಣುತ್ತವಲ್ಲ. – ಒಬ್ಬ ಓದುಗರು

ಉತ್ತರ: ಅಲ್ಲ, ಕಡುಗೆಂಪು. ರಕ್ತ ಪರೀಕ್ಷೆಗೆ ಕೊಡುವಾಗ ಸಿರಿಂಜ್ ನೋಡಿ, ಅದು ಅಭಿಧಮನಿಯ, ಅಂದರೆ ಹೃದಯಕ್ಕೆ ಮರಳುವ ನಾಳದ, ರಕ್ತವೇ. ಚರ್ಮದ ಮೂಲಕ ಬೆಳಕು ಚದುರಿ ಹಿಂದಿರುಗುವ ರೀತಿಯಿಂದ ನಾಳ ಮಾತ್ರ ನೀಲಿಯಾಗಿ ಕಾಣುತ್ತದೆ. ಚಿತ್ರದಲ್ಲಿ ನೀಲಿ ಬಳಿಯುವುದು ಗುರುತಿಗಾಗಿ. ‘ಆಮ್ಲಜನಕರಹಿತ’ ಎಂಬ ಮಾತನ್ನೂ ಅಕ್ಷರಶಃ ನಂಬಬೇಡಿ. ದೇಹವನ್ನೆಲ್ಲ ಸುತ್ತಿ ಬಲ ಹೃದಯಕ್ಕೆ ಬರುವ ರಕ್ತದ ಹಿಮೋಗ್ಲೋಬಿನ್‌ನಲ್ಲಿ ವಿಶ್ರಾಂತಿಯ ವೇಳೆ ಸುಮಾರು ಶೇ. 75ರಷ್ಟು ಆಮ್ಲಜನಕ ಇನ್ನೂ ಉಳಿದಿರುತ್ತದೆ.

ಪ್ರಶ್ನೆ: ದೇಹದಿಂದ ಹೊರತೆಗೆದ ಕಪ್ಪೆಯ ಹೃದಯವೂ ಬಡಿಯುತ್ತಿರುತ್ತದೆ ಅನ್ನುತ್ತಾರೆ. ನರವೇ ಇಲ್ಲದೆ ಬಡಿ ಅಂತ ಹೇಳುವವರು ಯಾರು? – ಫಾರ್ಮಸಿ ವಿದ್ಯಾರ್ಥಿನಿ

ಉತ್ತರ: ಹೃದಯವೇ. ಬಲ ಹೃತ್ಕರ್ಣದಲ್ಲಿ, ದೇಹದ ಮೇಲ್ಭಾಗದಿಂದ ರಕ್ತ ತರುವ ಊರ್ಧ್ವ ಮಹಾಭಿಧಮನಿ ಬಂದು ಸೇರುವ ಮೂಲೆಯಲ್ಲಿ ಎಸ್‌ಎ ನೋಡ್ ಎಂಬ ಸಣ್ಣ ಅಂಗಾಂಶ ಇದೆ. ಬೇರೆ ಸ್ನಾಯುಕೋಶಗಳು ಪ್ರಚೋದನೆ ಬರುವ ತನಕ ಸುಮ್ಮನಿರುತ್ತವೆ. ಈ ಕೋಶಗಳಿಗೆ ಸುಮ್ಮನಿರಲು ಬರುವುದಿಲ್ಲ. ಅವುಗಳ ಪೊರೆಯ ಮೂಲಕ ಸೋಡಿಯಂ ಮೆಲ್ಲಗೆ ಒಳಗೆ ಸೋರುತ್ತಲೇ ಇರುತ್ತದೆ, ಕೋಶದೊಳಗಿನ ವಿದ್ಯುತ್ ಮಟ್ಟ ತಾನಾಗಿ ಏರುತ್ತದೆ, ಒಂದು ಮಿತಿ ಮುಟ್ಟಿದ ಕೂಡಲೇ ಕ್ಯಾಲ್ಸಿಯಂ ಬಾಗಿಲುಗಳು ತೆರೆದು ಸಂಕೇತ ಹೊರಡುತ್ತದೆ. ಮತ್ತೆ ಮೊದಲಿನಿಂದ ಶುರು.

ಇದನ್ನು ಕಂಡುಹಿಡಿದವರಲ್ಲಿ ಒಬ್ಬ ವಿದ್ಯಾರ್ಥಿ ಎಂಬುದು ನಿಮಗೆ ಖುಷಿ ಕೊಡಬಹುದು. ಮಾರ್ಟಿನ್ ಫ್ಲ್ಯಾಕ್ ಇನ್ನೂ ವೈದ್ಯಕೀಯ ಓದುತ್ತಿದ್ದ ಹುಡುಗ. ಅಂಗರಚನಾಶಾಸ್ತ್ರಜ್ಞ ಆರ್ಥರ್ ಕೀತ್ ಜೊತೆ ಕೆಲಸ ಮಾಡುತ್ತ ಮೋಲ್ ಎಂಬ ನೆಲ ಕೊರೆಯುವ ಪುಟ್ಟ ಪ್ರಾಣಿಯ ಹೃದಯದ ತೆಳು ಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಈ ವಿಚಿತ್ರ ಅಂಗಾಂಶ ಅವನ ಕಣ್ಣಿಗೆ ಬಿತ್ತು. 1907ರಲ್ಲಿ ಇಬ್ಬರೂ ಸೇರಿ ಪ್ರಕಟಿಸಿದರು. ಅದಕ್ಕೆ ಹಿಂದಿನ ವರ್ಷವಷ್ಟೇ ಜಪಾನಿನ ಸುನಾವೊ ತವಾರ, ಹೃತ್ಕರ್ಣದಿಂದ ಹೃತ್ಕುಕ್ಷಿಗೆ ಸಂಕೇತ ದಾಟಿಸುವ ಎವಿ ನೋಡ್ ಬಗ್ಗೆ ಬರೆದಿದ್ದರು.

ಹೊರತೆಗೆದ ಹೃದಯಕ್ಕೆ ನರ ಬೇಡ, ಆದರೆ ಸರಿಯಾದ ದ್ರವ ಬೇಕು. 1880ರ ದಶಕದಲ್ಲಿ ಲಂಡನ್ನಿನ ಸಿಡ್ನಿ ರಿಂಗರ್ ಕಪ್ಪೆಯ ಹೃದಯವನ್ನು ಉಪ್ಪಿನ ದ್ರಾವಣದಲ್ಲಿಟ್ಟು ನೋಡುತ್ತಿದ್ದರು, ಚೆನ್ನಾಗಿ ಬಡಿಯುತ್ತಿತ್ತು. ಆಮೇಲೆ ತಿಳಿಯಿತು, ಆ ದ್ರಾವಣ ತಯಾರಿಸಿದ್ದು ಬಟ್ಟಿ ಇಳಿಸಿದ ನೀರಿನಲ್ಲಲ್ಲ, ನಲ್ಲಿ ನೀರಿನಲ್ಲಿ. ಬಟ್ಟಿ ನೀರು ಬಳಸಿದರೆ ಬಡಿತ ಕ್ಷೀಣಿಸಿ ನಿಂತುಹೋಗುತ್ತಿತ್ತು. ವ್ಯತ್ಯಾಸ ನಲ್ಲಿ ನೀರಿನ ಕ್ಯಾಲ್ಸಿಯಂನಲ್ಲಿತ್ತು. ನೀವು ಫಾರ್ಮಸಿಯಲ್ಲಿ ಓದುವ ರಿಂಗರ್ ದ್ರಾವಣದ ಹಿಂದೆ ಈ ಕಥೆಯಿದೆ.

ಇನ್ನು ನರಗಳು. ಅವು ಬಡಿತ ಹುಟ್ಟಿಸುವುದಿಲ್ಲ, ವೇಗ ಬದಲಿಸುತ್ತವೆ. ಎಸ್‌ಎ ನೋಡ್‌ನ ಸ್ವಂತ ವೇಗ ಯುವ ವಯಸ್ಕರಲ್ಲಿ ನಿಮಿಷಕ್ಕೆ 100ರ ಆಸುಪಾಸು. ಮೆದುಳಿನಿಂದ ಬರುವ ವೇಗಸ್ ನರ ಹಗಲೂ ರಾತ್ರಿ ಕಡಿವಾಣ ಹಾಕಿಕೊಂಡೇ ಇರುವುದರಿಂದ ನಮಗೆ ಸಿಗುವುದು 70. ಬೇರೆಯವರ ಹೃದಯ ಕಸಿ ಮಾಡಿಸಿಕೊಂಡವರಲ್ಲಿ ಆ ನರ ಕತ್ತರಿಸಿರುತ್ತದೆ. ಅದಕ್ಕೇ ಅವರು ಸುಮ್ಮನೆ ಕೂತಿದ್ದಾಗಲೂ ನಾಡಿ 90, 100 ಇರುತ್ತದೆ. ಮೆಟ್ಟಿಲು ಹತ್ತಿದಾಗ ತಕ್ಷಣ ಏರುವುದೂ ಇಲ್ಲ, ರಕ್ತದಲ್ಲಿ ಅಡ್ರಿನಲಿನ್ ಬಂದು ತಲುಪುವವರೆಗೆ ಕಾಯಬೇಕು.

ಎಸ್‌ಎ ನೋಡ್‌ನಿಂದ ಹೊರಟ ಸಂಕೇತ ಎವಿ ನೋಡ್‌ನಲ್ಲಿ ಸುಮಾರು 0.1 ಸೆಕೆಂಡು ತಡವಾಗುತ್ತದೆ. ಹೃತ್ಕರ್ಣ ತನ್ನ ಕೆಲಸ ಮುಗಿಸುವ ತನಕ ಹೃತ್ಕುಕ್ಷಿ ಕಾಯಲಿ ಎಂದು. ಅಲ್ಲಿಂದ ಮುಂದೆ ಹೃತ್ಕುಕ್ಷಿಗಳಿಗೆ ಸಂಕೇತ ಹರಡುವ ಹಿಸ್ ಕಟ್ಟು, ಪರ್ಕಿಂಜೆ ಎಳೆಗಳ ಮೂಲಕ ಸೆಕೆಂಡಿಗೆ 2ರಿಂದ 4 ಮೀಟರ್ ವೇಗದಲ್ಲಿ ಓಡುತ್ತದೆ. ಹೃತ್ಕರ್ಣ, ಹೃತ್ಕುಕ್ಷಿಗಳ ನಡುವೆ ವಿದ್ಯುತ್ ಹಾಯಿಸದ ನಾರಿನ ಗೋಡೆ ಇರುವುದರಿಂದ ಸಾಮಾನ್ಯವಾಗಿ ಬೇರೆ ದಾರಿ ಇಲ್ಲ.

ಪ್ರಶ್ನೆ: ಸೀನುವಾಗ ಹೃದಯ ಒಂದು ಕ್ಷಣ ನಿಲ್ಲುತ್ತದಂತೆ, ನಿಜವೇ? – ಏಳನೇ ತರಗತಿ ವಿದ್ಯಾರ್ಥಿನಿ

ಉತ್ತರ: ಇಲ್ಲ ಪುಟ್ಟಿ. ಸೀನುವಾಗ ಎದೆಯೊಳಗಿನ ಒತ್ತಡ ಏರಿಳಿಯುವುದರಿಂದ ಲಯ ಒಂಚೂರು ಆಚೀಚೆ ಆಗಬಹುದು, ನಿಲ್ಲುವುದಿಲ್ಲ.

ಪ್ರಶ್ನೆ: ಸ್ಟೆತಸ್ಕೋಪಿನಲ್ಲಿ ಕೇಳುವ ಲಬ್–ಡಬ್ ಸ್ನಾಯು ಬಡಿಯುವ ಶಬ್ದವೇ? ಎರಡನೇ ಶಬ್ದ ‘ಸೀಳುತ್ತದೆ’ ಅನ್ನುತ್ತಾರೆ, ನನಗೆ ಒಮ್ಮೆಯೂ ಕೇಳಿಸಿಲ್ಲ. – ಎಂಬಿಬಿಎಸ್ ಮೊದಲ ವರ್ಷ

ಉತ್ತರ: ಸ್ನಾಯುವಿನದಲ್ಲ, ಕವಾಟ ಮುಚ್ಚುವಾಗ ರಕ್ತ ಮತ್ತು ಗೋಡೆ ಕಂಪಿಸುವ ಶಬ್ದ. ಲಬ್ ಅಂದರೆ ದ್ವಿದಳ, ತ್ರಿದಳಗಳು ಮುಚ್ಚಿದವು, ಸಂಕೋಚನ ಶುರು. ಡಬ್ ಅಂದರೆ ಮಹಾಪಧಮನಿ, ಪುಪ್ಪುಸ ಅಪಧಮನಿಗಳ ಕವಾಟಗಳು ಮುಚ್ಚಿದವು, ಸಂಕೋಚನ ಮುಗಿಯಿತು. ಆರೋಗ್ಯವಂತ ಕವಾಟ ತೆರೆಯುವಾಗ ಸದ್ದು ಮಾಡುವುದಿಲ್ಲ.

ಸೀಳು ಕೇಳಬೇಕಾದರೆ ಜಾಗ ಸರಿಯಿರಬೇಕು: ಎಡಗಡೆ ಎರಡನೇ ಪಕ್ಕೆಲುಬಿನ ಸಂದು, ಎದೆಮೂಳೆಯ ಅಂಚಿಗೆ. ನಿಮ್ಮ ಗೆಳೆಯನನ್ನು ಕೂರಿಸಿ, ನಿಧಾನವಾಗಿ ಉಸಿರಾಡಲು ಹೇಳಿ. ಉಸಿರು ಬಿಗಿಹಿಡಿಯುವುದು ಬೇಡ. ಉಸಿರು ಒಳಗೆ ಎಳೆದಾಗ ಎದೆಯೊಳಗಿನ ಒತ್ತಡ ಇಳಿಯುತ್ತದೆ, ಬಲ ಹೃದಯಕ್ಕೆ ಹೆಚ್ಚು ರಕ್ತ ಬರುತ್ತದೆ, ಅದನ್ನು ಹೊರಹಾಕಲು ಬಲ ಹೃತ್ಕುಕ್ಷಿಗೆ ತುಸು ಹೆಚ್ಚು ಹೊತ್ತು ಬೇಕು. ಹಾಗಾಗಿ ಪುಪ್ಪುಸ ಕವಾಟ ಹಿಂದೆ ಬೀಳುತ್ತದೆ. ‘ಡಬ್’ ಹೋಗಿ ‘ಡ–ಡಬ್’ ಆಗುತ್ತದೆ. ಉಸಿರು ಬಿಟ್ಟಾಗ ಮತ್ತೆ ಒಂದಾಗುತ್ತದೆ. ಸದ್ದನ್ನು ಹುಡುಕಬೇಡಿ, ಉಸಿರಿನ ಜೊತೆ ಸದ್ದು ಬದಲಾಗುವುದನ್ನು ಹುಡುಕಿ. ಹದಿಹರೆಯದವರಲ್ಲಿ ಸುಲಭವಾಗಿ ಸಿಗುತ್ತದೆ, ವಯಸ್ಸಾದವರಲ್ಲಿ ಕಷ್ಟ. ಮತ್ತೆ ಫ್ಯಾನ್ ಆರಿಸಿ!

ಪ್ರಶ್ನೆ: ಹೃದಯ ಒಂದು ಕ್ಷಣವೂ ವಿಶ್ರಾಂತಿ ತೆಗೆದುಕೊಳ್ಳದೆ ದುಡಿಯುತ್ತದೆ ಎನ್ನುತ್ತಾರೆ. ಕಾಲಿನ ಸ್ನಾಯು ಹತ್ತು ನಿಮಿಷ ಓಡಿದರೆ ಸೋಲುತ್ತದೆ. ಇದಕ್ಕೆ ಯಾಕೆ ಸುಸ್ತಾಗುವುದಿಲ್ಲ? – ದೈಹಿಕ ಶಿಕ್ಷಣದ ಶಿಕ್ಷಕರು

ಉತ್ತರ: ಒಳ್ಳೆಯ ಪ್ರಶ್ನೆ ಸರ್. ಮೊದಲ ವಾಕ್ಯ ಮಾತ್ರ ಭಾಷಣಕ್ಕೆ ಚೆಂದ, ಲೆಕ್ಕಕ್ಕೆ ನಿಲ್ಲುವುದಿಲ್ಲ. ನಿಮಿಷಕ್ಕೆ 75 ಬಡಿತ ಅಂದರೆ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ಹೃತ್ಕುಕ್ಷಿ ಸಂಕುಚಿಸುವುದು 0.3 ಸೆಕೆಂಡು, ಸಡಿಲವಾಗಿರುವುದು 0.5. ಇದೇ ವೇಗದಲ್ಲಿ ಒಂದು ದಿನ ಕೂಡಿಸಿ ನೋಡಿ: 24 ಗಂಟೆಯಲ್ಲಿ ದುಡಿಮೆ 9 ಗಂಟೆ, ಬಿಡುವು 15 ಗಂಟೆ. ನಮ್ಮ ನಿಮ್ಮ ಕೆಲಸಕ್ಕಿಂತ ಭಾರಿ ಬೇರೆಯೇನಲ್ಲ. ಬಿಡುವನ್ನು ಚೂರು ಚೂರಾಗಿ ತೆಗೆದುಕೊಳ್ಳುತ್ತದೆ ಅಷ್ಟೆ.

ಆ ಬಿಡುವಿನಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು, ಕೋಣೆ ತುಂಬುವುದು. ಹೃತ್ಕರ್ಣ ಸಂಕುಚಿಸುವ ಮೊದಲೇ ಹೃತ್ಕುಕ್ಷಿಯ ಮುಕ್ಕಾಲು ಪಾಲು ತುಂಬಿರುತ್ತದೆ. ಎರಡನೆಯದು ಹೃದಯದ ಸ್ವಂತ ಊಟ. ಹೃದಯದೊಳಗೆ ಅಷ್ಟು ರಕ್ತ ತುಂಬಿದ್ದರೂ ದಪ್ಪ ಗೋಡೆಗೆ ಅದು ದಕ್ಕುವುದಿಲ್ಲ, ಆಗ ಹೇಳಿದ ಆ ಎರಡು ರಂಧ್ರಗಳಿಂದ ಹೊರಡುವ ಕರೋನರಿ ಅಪಧಮನಿಗಳೇ ಗತಿ. ಎಡ ಹೃತ್ಕುಕ್ಷಿ ಬಿಗಿದಾಗ ತನ್ನ ಗೋಡೆಯೊಳಗಿನ ಈ ನಾಳಗಳನ್ನು ತಾನೇ ಹಿಸುಕಿಬಿಡುತ್ತದೆ. ಆದ್ದರಿಂದ ಎಡಗಡೆಯ ಗೋಡೆಗೆ ರಕ್ತ ಮುಖ್ಯವಾಗಿ ಹರಿಯುವುದು ಅದು ಸಡಿಲವಾದಾಗ. ನಾಡಿ 150ಕ್ಕೆ ಏರಿದರೆ ಒಂದು ಬಡಿತಕ್ಕೆ ಉಳಿಯುವುದು 0.4 ಸೆಕೆಂಡು. ಆಗ ಹೆಚ್ಚು ಖೋತಾ ಆಗುವುದು ಸಂಕೋಚನದ ಸಮಯವಲ್ಲ, ಬಿಡುವಿನ ಸಮಯ. ನಾಳ ಕಿರಿದಾದವರಿಗೆ ಓಡುವಾಗ, ಗಾಬರಿಯಾದಾಗ ಎದೆ ಹಿಡಿದುಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಇನ್ನೊಂದು ವಿಷಯ. ನಿಮ್ಮ ಕಾಲಿನ ಸ್ನಾಯು ಸುಮ್ಮನಿರುವಾಗ ತನ್ನ ಬಳಿ ಬಂದ ಆಮ್ಲಜನಕದಲ್ಲಿ ಬಹುಪಾಲನ್ನು ಹಾಗೇ ಬಿಟ್ಟುಕೊಡುತ್ತದೆ. ಓಡುವಾಗ ಆ ಉಳಿಕೆಯನ್ನೂ ಹೀರಬಹುದು. ಹೃದಯ ವಿಶ್ರಾಂತಿಯಲ್ಲೇ ಶೇ. 70ರಷ್ಟನ್ನು ಹೀರಿರುತ್ತದೆ. ಹೆಚ್ಚು ಬೇಕೆಂದರೆ ಹೆಚ್ಚು ರಕ್ತ ತರಿಸಿಕೊಳ್ಳುವುದೊಂದೇ ದಾರಿ. ಕರೋನರಿ ನಾಳಗಳು ಆರೋಗ್ಯವಾಗಿದ್ದರೆ ನಾಲ್ಕೈದು ಪಟ್ಟು ತರಿಸಿಕೊಳ್ಳುತ್ತದೆ. ಕೋಶಗಳ ತುಂಬ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯ, ಇಂಧನಕ್ಕೆ ಹೆಚ್ಚಾಗಿ ಕೊಬ್ಬಿನಾಮ್ಲ. ಹೀಗೆ ಆಮ್ಲಜನಕ ಸಿಗುತ್ತಿರುವ ತನಕ ಅದು ಸೋಲುವುದಿಲ್ಲ. ಮೀನಖಂಡ ಹಿಡಿದುಕೊಳ್ಳುವಂತೆ ಇದು ಹಿಡಿದುಕೊಳ್ಳುವುದೂ ಇಲ್ಲ. ಒಮ್ಮೆ ಪ್ರಚೋದನೆಗೊಂಡ ಕೋಶ ಮುಂದಿನ ಕಾಲು ಸೆಕೆಂಡು ಯಾರ ಮಾತನ್ನೂ ಕೇಳುವುದಿಲ್ಲ, ಅಷ್ಟರಲ್ಲಿ ಸ್ನಾಯು ಸಡಿಲವಾಗತೊಡಗಿರುತ್ತದೆ.

ಪ್ರಶ್ನೆ: ಸೂಕ್ಷ್ಮದರ್ಶಕ ಬಳಕೆಗೆ ಬರುವ ಮೊದಲೇ ರಕ್ತ ಸುತ್ತುತ್ತದೆ ಎಂದು ಹಾರ್ವೆ ಹೇಗೆ ಸಾಧಿಸಿದರು? – ನಿವೃತ್ತ ಇತಿಹಾಸ ಅಧ್ಯಾಪಕರು

ಉತ್ತರ: ಗುಣಾಕಾರದಿಂದ. ಎರಡನೇ ಶತಮಾನದ ಗ್ರೀಕ್ ವೈದ್ಯ ಗೇಲನ್ ಹೇಳಿದಂತೆ ರಕ್ತ ಯಕೃತ್ತಿನಲ್ಲಿ ಆಹಾರದಿಂದ ಹುಟ್ಟಿ ಅಂಗಾಂಗಗಳಲ್ಲಿ ಖರ್ಚಾಗಿ ಹೋಗುತ್ತದೆ ಎಂದೇ ಯೂರೋಪು ನಂಬಿತ್ತು. ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ ಅಂತಲೂ ಗೇಲನ್ ಹೇಳಿದ್ದರು. ಅಂಥ ರಂಧ್ರಗಳಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಎಡಕ್ಕೆ ಬರುತ್ತದೆ ಎಂದು 13ನೇ ಶತಮಾನದಲ್ಲೇ ಅರಬ್ ವೈದ್ಯ ಇಬ್ನ್ ಅಲ್–ನಫೀಸ್ ಬರೆದಿಟ್ಟಿದ್ದರು. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ತಮ್ಮ ಪುಸ್ತಕ ಪ್ರಕಟಿಸಿದ್ದು 1628ರಲ್ಲಿ. ಒಂದು ಬಡಿತಕ್ಕೆ ಇಷ್ಟು ರಕ್ತ ಹೊರಬಿದ್ದರೆ ಅರ್ಧ ಗಂಟೆಗೆ ಎಷ್ಟು ಎಂದು ಅವರು ಕೇಳಿದರು. ಬೇಕೆಂದೇ ಕಡಿಮೆ ಅಂಕಿ ಹಿಡಿದರೂ ಮೊತ್ತ ದೇಹದ ಒಟ್ಟು ರಕ್ತವನ್ನು ಮೀರಿತು. ಇವತ್ತಿನ ಅಂಕಿ ಹಾಕಿದರೆ 70 ಮಿ.ಲೀ., ನಿಮಿಷಕ್ಕೆ 70 ಸಲ, ಗಂಟೆಗೆ 294 ಲೀಟರ್. ಯಾರು ಅಷ್ಟು ಉಣ್ಣುತ್ತಾರೆ? ಅದೇ ರಕ್ತ ಮರಳಿ ಬರಲೇಬೇಕು.

ಅವರ ಇನ್ನೊಂದು ಪುರಾವೆಯನ್ನು ನಿಮ್ಮ ಮುಂಗೈಯಲ್ಲೇ ನೋಡಬಹುದು. ತೋಳಿಗೆ ತೀರಾ ಬಿಗಿಯಾಗದಂತೆ ಬಟ್ಟೆ ಕಟ್ಟಿ. ಉಬ್ಬಿದ ನಾಳದಲ್ಲಿ ಅಲ್ಲಲ್ಲಿ ಸಣ್ಣ ಗಂಟುಗಳು ಕಾಣುತ್ತವೆ, ಅವು ಕವಾಟಗಳು. ಒಂದು ಬೆರಳಿನಿಂದ ನಾಳವನ್ನು ಒತ್ತಿಹಿಡಿದು, ಇನ್ನೊಂದು ಬೆರಳಿನಿಂದ ಭುಜದ ಕಡೆಗೆ ಮುಂದಿನ ಗಂಟಿನಾಚೆವರೆಗೆ ಸವರಿ. ಆ ತುಂಡು ಖಾಲಿಯಾಗಿ ಚಪ್ಪಟೆಯಾಗುತ್ತದೆ, ಮೇಲಿನಿಂದ ರಕ್ತ ಹಿಂದಿರುಗುವುದಿಲ್ಲ. ಕೆಳಗಿನ ಬೆರಳು ಎತ್ತಿದ ಕೂಡಲೇ ತುಂಬುತ್ತದೆ. ಆಮೇಲೆ ಬಟ್ಟೆ ಬಿಚ್ಚಲು ಮರೆಯಬೇಡಿ.

ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಜಾಗವೊಂದೇ ಅವರ ಕಣ್ಣಿಗೆ ಬೀಳದೆ ಉಳಿದದ್ದು. ಹಾರ್ವೆ ತೀರಿಕೊಂಡ ನಾಲ್ಕು ವರ್ಷಕ್ಕೆ, 1661ರಲ್ಲಿ, ಇಟಲಿಯ ಮಾಲ್ಪಿಗಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಕಂಡರು. ಮಾಲ್ಪಿಗಿ ಹುಟ್ಟಿದ್ದೂ 1628ರಲ್ಲೇ. ಇತಿಹಾಸದವರಿಗೆ ಇಂಥವು ಇಷ್ಟವಾಗುತ್ತವೆ ಅಂತ ಸೇರಿಸಿದೆ.

ಪ್ರಶ್ನೆ: ಹಾರ್ಟ್ ಅಟ್ಯಾಕ್, ಕಾರ್ಡಿಯಾಕ್ ಅರೆಸ್ಟ್ ಎರಡೂ ಒಂದೇ ತಾನೆ? – ಗೃಹಿಣಿ

ಉತ್ತರ: ಅಲ್ಲಮ್ಮ. ಕರೋನರಿ ನಾಳವೊಂದು ಕಟ್ಟಿಕೊಂಡು, ಅದನ್ನು ನಂಬಿದ ಸ್ನಾಯುವಿನ ಭಾಗ ಆಮ್ಲಜನಕವಿಲ್ಲದೆ ಸಾಯತೊಡಗಿದರೆ ಹೃದಯಾಘಾತ. ಆಗ ಹೃದಯ ಸಾಮಾನ್ಯವಾಗಿ ಬಡಿಯುತ್ತಲೇ ಇರುತ್ತದೆ, ರೋಗಿ ಎದೆನೋವು, ಬೆವರು ಅಂತ ಮಾತಾಡುತ್ತಿರುತ್ತಾರೆ. ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಹೃದಯ ಪಂಪ್ ಮಾಡುವುದನ್ನೇ ಬಿಟ್ಟರೆ ಹೃದಯಸ್ತಂಭನ. ಹೆಚ್ಚಾಗಿ ವಿದ್ಯುತ್ ಲಯ ಕೆಟ್ಟು ಹೃತ್ಕುಕ್ಷಿ ಬರೇ ಅದುರುತ್ತಿರುತ್ತದೆ. ಮನುಷ್ಯ ಕುಸಿದು ಬೀಳುತ್ತಾನೆ, ಕರೆದರೆ ಓಗೊಡುವುದಿಲ್ಲ, ಉಸಿರಾಟ ಸಹಜವಾಗಿರುವುದಿಲ್ಲ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು, ಅದಕ್ಕೇ ಜನ ಎರಡನ್ನೂ ಬೆರೆಸುವುದು.

ಸ್ತಂಭನವಾದರೆ ತುರ್ತು ಸೇವೆಗೆ ಕರೆಮಾಡಿಸಿ, ಕೂಡಲೇ ಎದೆಯ ನಡುವೆ, ಎದೆಮೂಳೆಯ ಕೆಳಗಿನ ಅರ್ಧದ ಮೇಲೆ ಎರಡೂ ಕೈ ಇಟ್ಟು ಒತ್ತಬೇಕು. ವಯಸ್ಕರಿಗೆ 5ರಿಂದ 6 ಸೆಂ.ಮೀ. ಆಳ, ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಸಲ ಎದೆ ಪೂರ್ತಿ ಮೇಲೇಳಲು ಬಿಡಿ. ಮೇಲೆದ್ದಾಗಲೇ ಹೃದಯ ತುಂಬುವುದು, ಕರೋನರಿ ನಾಳಕ್ಕೆ ರಕ್ತ ಹೋಗುವುದು ಎಂಬುದು ಇಷ್ಟರಲ್ಲಿ ನಿಮಗೆ ಗೊತ್ತಾಗಿರಬೇಕು. ಓದಿ ಕಲಿಯುವ ಕೆಲಸವಲ್ಲ ಇದು, ಒಂದು ತರಬೇತಿಗೆ ಹೋಗಿ ಬನ್ನಿ.

ಪ್ರಶ್ನೆ: ನಮ್ಮ ನೆಂಟರ ಮಗುವಿಗೆ ಹೃತ್ಕುಕ್ಷಿಗಳ ನಡುಗೋಡೆಯಲ್ಲಿ ತೂತು ಇದೆಯಂತೆ. ಎರಡೂ ರಕ್ತ ಬೆರೆತರೆ ಮಗು ನೀಲಿಯಾಗಬೇಕಿತ್ತು, ಆಗಿಲ್ಲ. ಹೇಗೆ? – ಬಿಎಸ್ಸಿ ನರ್ಸಿಂಗ್ ಎರಡನೇ ವರ್ಷ

ಉತ್ತರ: ಮೊದಲ ಪುಟದಲ್ಲಿ ಬರೆಸಿದ ಅಂಕಿ ನೋಡಿ ಉತ್ತರ ನೀವೇ ಹೇಳಿ. ಎಡಗಡೆ ಒತ್ತಡ ಹೆಚ್ಚು, ಬಲಗಡೆ ಕಡಿಮೆ. ಹಾಗಾದರೆ ತೂತಿನ ಮೂಲಕ ರಕ್ತ ಹೋಗುವುದು ಎಡದಿಂದ ಬಲಕ್ಕೆ. ಆಮ್ಲಜನಕ ತುಂಬಿದ ರಕ್ತವೇ ಮತ್ತೊಮ್ಮೆ ಶ್ವಾಸಕೋಶಕ್ಕೆ ಹೋಗುತ್ತದೆ. ದೇಹಕ್ಕೆ ಹೋಗುವ ರಕ್ತ ಕೆಡುವುದಿಲ್ಲ, ಮಗು ನೀಲಿಯಾಗುವುದಿಲ್ಲ. ತೂತು ದೊಡ್ಡದಿದ್ದರೆ ತೊಂದರೆ ಬೇರೆ ರೀತಿಯದು: ಶ್ವಾಸಕೋಶಕ್ಕೆ ಅತಿಯಾಗಿ ರಕ್ತ ಹರಿದು ಮಗು ಏದುಸಿರು ಬಿಡುತ್ತದೆ, ಹಾಲು ಕುಡಿಯುವಾಗ ಬೆವರುತ್ತದೆ, ತೂಕ ಏರುವುದಿಲ್ಲ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಶ್ವಾಸಕೋಶದ ನಾಳಗಳು ಗಡುಸಾಗಿ ಬಲಗಡೆಯ ಒತ್ತಡ ಎಡವನ್ನು ಮೀರಬಹುದು. ಆಗ ಹರಿವು ತಿರುಗುತ್ತದೆ, ನೀಲಿ ಬರುವುದು ಆಗ. ಚಿಕ್ಕ ತೂತುಗಳಲ್ಲಿ ಎಷ್ಟೋ ತಾವಾಗಿ ಮುಚ್ಚಿಕೊಳ್ಳುತ್ತವೆ. ಈ ಮಗುವಿನದು ಯಾವ ಬಗೆ ಎಂದು ಹೇಳಬೇಕಾದವರು ಅದರ ವೈದ್ಯರು.

ಹೃತ್ಕರ್ಣಗಳ ನಡುವಿನ ತೂತು ಗರ್ಭದಲ್ಲಿ ಎಲ್ಲರಿಗೂ ಇತ್ತು ಎಂಬುದನ್ನೂ ಜೊತೆಗೇ ಓದಿಕೊಳ್ಳಿ. ಅಲ್ಲಿ ಶ್ವಾಸಕೋಶಗಳು ದ್ರವ ತುಂಬಿ ಕೂತಿರುವುದರಿಂದ ಬಲಗಡೆಯ ಒತ್ತಡವೇ ಹೆಚ್ಚು, ರಕ್ತ ಬಲದಿಂದ ಎಡಕ್ಕೆ ದಾಟುತ್ತದೆ. ಮೊದಲ ಉಸಿರಿಗೆ ಶ್ವಾಸಕೋಶ ಅರಳಿ ಅಲ್ಲಿನ ತಡೆ ಬಿದ್ದುಹೋಗುತ್ತದೆ, ಎಡ ಹೃತ್ಕರ್ಣಕ್ಕೆ ರಕ್ತ ಬಂದು ಅಲ್ಲಿನ ಒತ್ತಡ ಏರುತ್ತದೆ, ತೂತಿನ ಪಕ್ಕದ ತೆಳು ಪೊರೆ ನಡುಗೋಡೆಗೆ ಒತ್ತಿಕೊಳ್ಳುತ್ತದೆ. ಮುಂದೆ ಅದು ಬೆಸೆದುಕೊಳ್ಳುತ್ತದೆ. ಸುಮಾರು ನಾಲ್ಕರಲ್ಲಿ ಒಬ್ಬ ವಯಸ್ಕರಲ್ಲಿ ಪೂರ್ತಿ ಬೆಸೆದಿರುವುದಿಲ್ಲ, ಹೆಚ್ಚಿನವರಿಗೆ ಅದು ಗೊತ್ತೂ ಆಗುವುದಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಬಲ ಹೃತ್ಕರ್ಣ ತೆರೆದುಕೊಟ್ಟರೆ ನಡುಗೋಡೆಯ ಮೇಲೆ ಹೆಬ್ಬೆರಳ ತುದಿ ಕೂರುವಷ್ಟು ಅಂಡಾಕಾರದ ತಗ್ಗು ಕಾಣುತ್ತದೆ. ಪಿನ್ ಅಲ್ಲಿ ಚುಚ್ಚಿದ್ದರೆ ಉತ್ತರ ‘ಫೋಸಾ ಓವಾಲಿಸ್’.